ಐದನೇ ತಿಂಗಳು, ರಾಯಚೂರಿನ ಬಿಸಿಲು: ನಡೆಯಬೇಕಾ, ಮಲಗಬೇಕಾ?

ಚೊಚ್ಚಲ ತಾಯಿ, ರಾಯಚೂರು:

ಎಲ್ಲರಿಗೂ ನಮಸ್ಕಾರ. ನನಗೀಗ ಐದು ತಿಂಗಳು. ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಇಡೀ ದಿನ ಕುರ್ಚಿಯಲ್ಲೇ. ಡಾಕ್ಟರು ದಿನಾ ಅರ್ಧ ತಾಸು ನಡೆಯಿರಿ ಎಂದಿದ್ದಾರೆ. ಅತ್ತೆ "ಚೊಚ್ಚಲ ಬಸುರಿ, ಮೈ ಅಲುಗಾಡಿಸಬಾರದು, ಸುಮ್ನೆ ಮಲಗು" ಅನ್ನುತ್ತಾರೆ. ತವರಿಗೆ ಫೋನ್ ಮಾಡಿದರೆ ಅವ್ವ ಪೂರ್ತಿ ಉಲ್ಟಾ ಹೇಳುತ್ತಾಳೆ: ಕಸ ಹೊಡಿ, ನೆಲ ಒರೆಸು, ನಾರ್ಮಲ್ ಆಗುತ್ತೆ ಅಂತ. ಮೂವರಲ್ಲಿ ಯಾರ ಮಾತು ಕೇಳಲಿ?

ಇನ್ನೊಂದು ವಿಷಯ. ಹಿಮೋಗ್ಲೋಬಿನ್ 9.8 ಬಂದಿದೆ. ಕೆಂಪು ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತೆ, ಮಲ ಕಪ್ಪಗೆ ಹೋಗುತ್ತೆ. ಅದಕ್ಕೆ ಬದಲು ಏನಾದರೂ ತಿಂದು ರಕ್ತ ಏರಿಸಿಕೊಳ್ಳಬಹುದಾ? ಮನೆಯಲ್ಲಿ ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು. ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಬಿಸಿಲು ಈಗಾಗಲೇ 40 ದಾಟಿದೆ. ಈ ಊರಲ್ಲಿ ಬಸುರಿ ಹೆಂಗಸು ಎಷ್ಟೊತ್ತಿಗೆ ಹೊರಗೆ ಹೋಗಿ ನಡೆಯಬೇಕು, ನೀವೇ ಹೇಳಿ.

ಲಿಂಗಸುಗೂರು ಅಕ್ಕ:

ತಂಗೀ, ನಿನ್ನ ಅವ್ವ ಹೇಳಿದ್ದೇ ಖರೆ. ನನಗೆ ಇಬ್ಬರು ಮಕ್ಕಳು, ಎರಡೂ ನಾರ್ಮಲ್. ಕುಕ್ಕರಗಾಲಲ್ಲಿ ಕೂತು ಪಡಸಾಲೆ, ಅಡುಗೆಮನೆ ಎಲ್ಲ ಒರೆಸುತ್ತಿದ್ದೆ. ಒಂಬತ್ತು ತುಂಬುವವರೆಗೂ ರೊಟ್ಟಿ ಬಡಿದಿದ್ದೇನೆ. ಬೂಟು ಹಾಕಿಕೊಂಡು ವಾಕಿಂಗ್ ಹೋಗುವುದು ಆಗ ಯಾರಿಗೆ ಗೊತ್ತಿತ್ತು? ಮನೆಕೆಲಸವೇ ವ್ಯಾಯಾಮ. ಈಗ ಎಲ್ಲದಕ್ಕೂ ಮಷಿನ್ ಬಂದಿದೆ, ಅದಕ್ಕೇ ಸಿಜೇರಿಯನ್ ಜಾಸ್ತಿ. ಗುಳಿಗೆ ಆಗದಿದ್ದರೆ ಬೀಟ್‌ರೂಟ್ ತಿನ್ನು, ದಾಳಿಂಬೆ ತಿನ್ನು. ರಕ್ತ ತಾನೇ ಬರುತ್ತೆ.

ಮಾನ್ವಿ ನರ್ಸಕ್ಕ:

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು. ನಡಿಗೆ, ನೆಲ ಒರೆಸುವುದು ಎಲ್ಲ ಆಮೇಲೆ. ಮೊದಲು ಆ 9.8 ನೋಡೋಣ.

ಬಸುರಿ ಹೆಂಗಸರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. 10ಕ್ಕಿಂತ ಕೆಳಗೆ ಬಂದರೆ ಮಧ್ಯಮ, 7ಕ್ಕಿಂತ ಕೆಳಗೆ ಹೋದರೆ ತೀವ್ರ. ನಿಮ್ಮದು ಗಾಬರಿಪಡುವಂಥದ್ದಲ್ಲ, ಆದರೆ ಗುಳಿಗೆ ಬಿಡುವಂಥದ್ದೂ ಅಲ್ಲ. ಹೆರಿಗೆಯಲ್ಲಿ ಎಲ್ಲರಿಗೂ ಒಂದಿಷ್ಟು ರಕ್ತ ಹೋಗಿಯೇ ಹೋಗುತ್ತೆ. ಮೈಯಲ್ಲಿ ರಕ್ತ ಇದ್ದವಳು ತಡೆದುಕೊಳ್ಳುತ್ತಾಳೆ. ಇಲ್ಲದವಳು ಅಷ್ಟಕ್ಕೇ ಕುಸಿಯುತ್ತಾಳೆ. ವಾರ್ಡಿನಲ್ಲಿ ನಮಗೆ ಎದೆ ಡವಡವ ಅನ್ನಿಸುವುದು ಅಂಥವರು ಬಂದಾಗ.

ಸರಕಾರಿ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಒಟ್ಟು 180 ದಿನ. ಹೆರಿಗೆಯಾದ ಮೇಲೂ 180 ದಿನ. ನಿಮ್ಮ ಹಾಗೆ ರಕ್ತ ಕಡಿಮೆ ಇದ್ದವರಿಗೆ ದಿನಕ್ಕೆ ಎರಡು ಬರೆಯುತ್ತಾರೆ. ಅದನ್ನು ಡಾಕ್ಟರೇ ಹೇಳಬೇಕು, ನೀವಾಗಿ ಏರಿಸಬೇಡಿ. ಒಂದು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿದಾಗ ಕನಿಷ್ಠ 1 ಗ್ರಾಂ ಏರಿರಬೇಕು. ಏರದಿದ್ದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ಮಲ ಕಪ್ಪಗಾಗುವುದು ಗುಳಿಗೆಯಿಂದಲೇ, ಅದರಿಂದ ಏನೂ ತೊಂದರೆ ಇಲ್ಲ.

ನಮ್ಮ ಕಡೆ ಗುಳಿಗೆ ಕೆಲಸ ಮಾಡದೇ ಇರಲು ದೊಡ್ಡ ಕಾರಣ ಚಹಾ. ಉಂಡು ಕೈ ತೊಳೆಯುವಷ್ಟರಲ್ಲಿ ಚಹಾದ ಕಪ್ಪು ಬರಬೇಕು. ಊಟದ, ಗುಳಿಗೆಯ ಹೊತ್ತಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡನೇ ಕಾರಣ ಹಾಲು. "ಬಸುರಿ, ಗುಳಿಗೆ ಹಾಲಲ್ಲಿ ತಗೋ" ಎಂದು ಪ್ರೀತಿಯಿಂದ ಒಂದು ಲೋಟ ಕೊಡುತ್ತಾರೆ. ಅದೂ ಅಡ್ಡಿಯೇ. ಕ್ಯಾಲ್ಸಿಯಂ ಗುಳಿಗೆ ಜೊತೆಗೆ ಕಬ್ಬಿಣದ ಗುಳಿಗೆ ನುಂಗಿದರೂ ಅದೇ ಕತೆ. ಕ್ಯಾಲ್ಸಿಯಂ 500 ಮಿಲಿಗ್ರಾಂನದು ದಿನಕ್ಕೆರಡು ಕೊಟ್ಟಿರುತ್ತಾರೆ ಅಲ್ವಾ? ಒಂದು ಬೆಳಿಗ್ಗೆ ನಾಷ್ಟಾ ಆದ ಮೇಲೆ, ಇನ್ನೊಂದು ಮಧ್ಯಾಹ್ನ ಊಟದ ಜೊತೆ ಮುಗಿಸಿ. ಕೆಂಪು ಗುಳಿಗೆ ರಾತ್ರಿ ಉಂಡು ಒಂದು ತಾಸಾದ ಮೇಲೆ, ಮಲಗುವ ಮುಂಚೆ, ನಿಂಬೆರಸದ ನೀರಿನಲ್ಲಿ. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ, ಮಲಗಿಬಿಟ್ಟರೆ ಹೊಟ್ಟೆ ತೊಳಸುವುದೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಲಿಂಗಸುಗೂರು ಅಕ್ಕಾ, ಬೀಟ್‌ರೂಟಿನ ಬಣ್ಣ ಕೆಂಪು ಅಷ್ಟೇರೀ. 100 ಗ್ರಾಂ ತಿಂದರೂ 1 ಮಿಲಿಗ್ರಾಂ ಕಬ್ಬಿಣ ಸಿಗುವುದಿಲ್ಲ. ದಾಳಿಂಬೆಯಲ್ಲಿ ಇನ್ನೂ ಕಡಿಮೆ. ಅದೇ 100 ಗ್ರಾಂ ಸಜ್ಜೆಯಲ್ಲಿ 6ಕ್ಕಿಂತ ಜಾಸ್ತಿ, ಜೋಳದಲ್ಲಿ 4ರ ಹತ್ತಿರ, ಪಾಲಿಶ್ ಅಕ್ಕಿಯಲ್ಲಿ 1 ಕೂಡ ಇಲ್ಲ. ದಾಳಿಂಬೆ ಕೊಳ್ಳುವ ದುಡ್ಡಿಗೆ ಒಂದು ವಾರದ ಹೆಸರುಕಾಳು, ಶೇಂಗಾ, ಮೊಟ್ಟೆ ಬರುತ್ತೆ. ಆದರೂ ಧಾನ್ಯದಲ್ಲಿರುವ ಕಬ್ಬಿಣ ಪೂರ್ತಿ ಮೈಗೆ ಹತ್ತುವುದಿಲ್ಲ. 9.8ನ್ನು ಬರೀ ಊಟದಿಂದ ಹೆರಿಗೆಯ ಹೊತ್ತಿಗೆ ಮೇಲೆತ್ತುತ್ತೇನೆ ಎಂದರೆ ಆಗದ ಮಾತು. ಗುಳಿಗೆ ಬೇಕೇ ಬೇಕು.

ಚೊಚ್ಚಲ ತಾಯಿ, ರಾಯಚೂರು:

ನರ್ಸಕ್ಕಾ, ಹಾಲಿನ ಲೋಟದ ವಿಷಯ ನೀವು ನಮ್ಮ ಮನೆಗೇ ಬಂದು ನೋಡಿದ ಹಾಗೆ ಬರೆದಿದ್ದೀರಿ. ರಾತ್ರಿಗೆ ಬದಲಾಯಿಸಿ ನೋಡುತ್ತೇನೆ. ಮತ್ತೆ ನಡಿಗೆ? ಇಷ್ಟು ರಕ್ತ ಇದ್ದರೆ ನಡೆಯಬಹುದಾ? ನಮ್ಮದು ಎರಡನೇ ಮಹಡಿ. ಬೀದಿಯಲ್ಲಿ ಲಾರಿ ಧೂಳು, ಮಾವಿನಕೆರೆ ಕಡೆ ಹೋಗೋಣ ಅಂದರೆ ಏಳು ಗಂಟೆಗೇ ಬಿಸಿಲು ಚುರುಗುಟ್ಟುತ್ತೆ. ಸಂಜೆ ಮಾಳಿಗೆ ಮೇಲೆ ನಡೆಯಲಾ?

ಬಳ್ಳಾರಿ ಫಿಸಿಯೋ:

ಸಂಜೆ ಮಾಳಿಗೆ ಬೇಡ. ನಮ್ಮ ಊರುಗಳಲ್ಲಿ ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಒಂಬತ್ತಾದರೂ ಕೆಳಗಿನಿಂದ ಕಾವು ಉಗುಳುತ್ತಿರುತ್ತೆ. ಬಸುರಿಯ ಮೈ ಮೊದಲೇ ಬೆಚ್ಚಗಿರುತ್ತೆ. ಬೆಳಿಗ್ಗೆ ಐದೂವರೆಯಿಂದ ಆರೂವರೆ ಒಳಗೆ ಮಾಳಿಗೆ ತಣ್ಣಗಿರುತ್ತೆ, ಆಗ ನಡೆಯಿರಿ. ಆಗದಿದ್ದರೆ ಮನೆಯೊಳಗೆ ಫ್ಯಾನ್ ಹಾಕಿಕೊಂಡು ಪಡಸಾಲೆಯಿಂದ ಅಡುಗೆಮನೆಗೆ ನಡೆದರೂ ನಡಿಗೆಯೇ. ಆಫೀಸಿನ ವರಾಂಡವೂ ಆಗುತ್ತೆ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕಾಲಿಡಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ. ಒಂದೇ ಸಲ ಅರ್ಧ ತಾಸು ನಡೆಯಬೇಕೆಂದಿಲ್ಲ. ಹತ್ತತ್ತು ನಿಮಿಷದ ಮೂರು ಸಲ ಸಾಕು. ಎಷ್ಟು ಜೋರಾಗಿ ಎಂದರೆ, ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಮಾತೇ ಕಡಿದು ಬಂದರೆ ನಿಧಾನ ಮಾಡಿ. ನಿಮಗೆ ರಕ್ತ ಕಡಿಮೆ ಇರುವುದರಿಂದ ಮೊದಲು ಐದು ಹತ್ತು ನಿಮಿಷದಿಂದ ಶುರು ಮಾಡಿ. ದಣಿವು, ತಲೆಸುತ್ತು, ಏದುಸಿರು ಬಂದರೆ ಕೂತುಬಿಡಿ. ಡಾಕ್ಟರು ನಿಮ್ಮ ರಿಪೋರ್ಟ್ ನೋಡಿಯೇ ನಡೆಯಿರಿ ಎಂದಿದ್ದಾರೆ, ಹಾಗಾಗಿ ಚಿಂತೆ ಬೇಡ. ಮೆಟ್ಟಿಲು ಹತ್ತಬಹುದು. ಕಟಕಟೆ ಹಿಡಿದುಕೊಳ್ಳಿ, ಕೈಯಲ್ಲಿ ನೀರಿನ ಕ್ಯಾನ್ ಬೇಡ.

ಕುರ್ಚಿ ಕೆಲಸದವರಿಗೆ ನಾನು ಹೇಳಿಕೊಡುವ ಒಂದು ವ್ಯಾಯಾಮ ಬರೆಯುತ್ತೇನೆ. ಚಕ್ರ ಇಲ್ಲದ ಕುರ್ಚಿ ತಗೊಂಡು ಗೋಡೆಗೆ ಆನಿಸಿ ಇಡಿ. ತುದಿಗೆ ಸರಿದು ಕೂರಿ, ಪಾದ ಅಗಲಿಸಿ, ಮಂಡಿ ಪಾದದ ದಿಕ್ಕಿಗೇ ಇರಲಿ. ಕೈ ಊರದೆ ಉಸಿರು ಬಿಡುತ್ತಾ ಏಳಿ. ಉಸಿರು ಎಳೆಯುತ್ತಾ ನಿಧಾನಕ್ಕೆ ಕೂರಿ, ಧೊಪ್ಪೆಂದು ಬೀಳಬೇಡಿ. ಹತ್ತು ಸಲ. ತೊಡೆ, ಸೊಂಟ ಎರಡೂ ಗಟ್ಟಿಯಾಗುತ್ತವೆ. ಎದ್ದು ನಿಂತಾಗ ಮೂತ್ರ ತಡೆದು ಹಿಡಿದ ಹಾಗೆ ಕೆಳಗಿನ ಸ್ನಾಯು ಬಿಗಿದು ಐದು ಎಣಿಸಿ ಬಿಡಿ. ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವ ತೊಂದರೆ ಹೆರಿಗೆ ಆದ ಮೇಲೆ ಎಷ್ಟು ಜನಕ್ಕೆ ಬರುತ್ತೆ ಗೊತ್ತಾ? ನಾಚಿಕೆಗೆ ಯಾರೂ ಬಾಯಿ ಬಿಡುವುದಿಲ್ಲ. ಈ ಸ್ನಾಯು ಈಗಿನಿಂದಲೇ ಗಟ್ಟಿ ಮಾಡಿಕೊಂಡರೆ ಅದು ಬರುವ ಸಾಧ್ಯತೆ ಕಡಿಮೆ. ನಾಲ್ಕು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ವ್ಯಾಯಾಮ ಮಾಡಬೇಡಿ. ಬೀಳುವ ಅಪಾಯ ಇರುವ ಯಾವುದೂ ಬೇಡ.

ರಕ್ತಸ್ರಾವ ಆದವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಬಿಪಿ ಏರಿದವರು ಇದನ್ನು ಓದಿ ಶುರು ಮಾಡಬೇಡಿ. ನಿಮ್ಮ ಡಾಕ್ಟರನ್ನೇ ಕೇಳಿ.

ಇನ್ನು ನೆಲ ಒರೆಸಿದರೆ ನಾರ್ಮಲ್ ಆಗುತ್ತೆ ಅನ್ನುವುದು. ಕುಕ್ಕರಗಾಲಲ್ಲಿ ಕೂರುವುದು ತೊಡೆಗೆ ಒಳ್ಳೆಯದೇ, ಸುಳ್ಳಲ್ಲ. ಆದರೆ ಹೆರಿಗೆ ಹೇಗಾಗಬೇಕು ಎನ್ನುವುದು ಮಗು ತಿರುಗಿರುವ ರೀತಿ, ಅದರ ತೂಕ, ಮಾಸಿನ ಜಾಗ, ಬಿಪಿ, ಹೀಗೆ ಹತ್ತಾರು ವಿಷಯದ ಮೇಲಿರುತ್ತೆ. ಸಿಜೇರಿಯನ್ ಆದವಳು ಸೋಮಾರಿ ಎಂದು ಯಾರೂ ಅನ್ನಬಾರದು. ನನ್ನ ಹತ್ತಿರ ಬರುವವರಲ್ಲಿ ಆ ಮಾತು ಕೇಳಿ ಕೇಳಿ ಕುಗ್ಗಿಹೋದವರೇ ಜಾಸ್ತಿ.

ಲಿಂಗಸುಗೂರು ಅಕ್ಕ:

ಸೋಮಾರಿ ಅಂತ ನಾನು ಅಂದಿಲ್ಲ ಬಿಡಿ. ಆದರೆ ನಮ್ಮ ಹೊಲದಲ್ಲಿ ಹತ್ತಿ ಬಿಡಿಸುವವರು, ಅತ್ತ ಕಾಲುವೆ ಕಡೆ ನೆಲ್ಲು ಹಚ್ಚಲು ಹೋಗುವವರು ದಿನ ತುಂಬುವವರೆಗೂ ದುಡಿಯುತ್ತಾರೆ. ಅವರಿಗೆ ಯಾವ ಫಿಸಿಯೋ ಇದ್ದಾರೆ? ಅವರ ಮಕ್ಕಳು ಹುಟ್ಟಿಲ್ಲವಾ?

ಬಳ್ಳಾರಿ ಫಿಸಿಯೋ:

ಹುಟ್ಟಿದ್ದಾರಕ್ಕಾ. ಆದರೆ ಆ ತಾಯಂದಿರ ರಕ್ತ ಎಷ್ಟಿತ್ತು, ಮಗುವಿನ ತೂಕ ಎಷ್ಟಿತ್ತು ಎಂದೂ ಕೇಳಬೇಕಲ್ಲ. ಕೆಸರಲ್ಲಿ ಸೊಂಟ ಬಗ್ಗಿಸಿ ಇಡೀ ದಿನ ನೆಲ್ಲು ಹಚ್ಚುವುದು ವ್ಯಾಯಾಮ ಅಲ್ಲ, ದಣಿವು. ವ್ಯಾಯಾಮ ಅಂದರೆ ನನಗೆ ಸಾಕು ಅನ್ನಿಸಿದಾಗ ನಿಲ್ಲಿಸಬಹುದಾದದ್ದು. ಕೂಲಿಗೆ ಹೋದವಳಿಗೆ ಆ ಸ್ವಾತಂತ್ರ್ಯ ಎಲ್ಲಿದೆ? ಅವಳಿಗೆ ನಾನು ನಡೆಯಿರಿ ಅಂತ ಹೇಳುವುದೇ ಇಲ್ಲ. ಭಾರ ಎತ್ತಬೇಡ, ಮಧ್ಯಾಹ್ನ ನೆರಳಲ್ಲಿ ಎಡಮಗ್ಗುಲಾಗಿ ಒಂದು ತಾಸು ಮಲಗು, ಬುತ್ತಿಯಲ್ಲಿ ಒಂದು ರೊಟ್ಟಿ ಜಾಸ್ತಿ ಕಟ್ಟಿಕೋ ಎನ್ನುತ್ತೇನೆ. ಕುರ್ಚಿಯಲ್ಲಿ ಕೂರುವವಳಿಗೆ ನಡಿಗೆ ಬೇಕು, ಹೊಲದಲ್ಲಿ ಬಾಗುವವಳಿಗೆ ವಿಶ್ರಾಂತಿ ಬೇಕು. ನಮ್ಮ ಜಿಲ್ಲೆಗಳಲ್ಲಿ ಎರಡೂ ಉಲ್ಟಾ ಆಗುತ್ತಿದೆ.

ಲಿಂಗಸುಗೂರು ಅಕ್ಕ:

ಇದು ಒಪ್ಪುವಂಥ ಮಾತು.

ಸಿಂಧನೂರು ಸೊಸೆ:

ಊಟದ ಬಗ್ಗೆ ನಾನು ಸ್ವಲ್ಪ ಹೇಳಲಾ? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಊರು ನಮ್ಮದು. ಹಿರಿಯರ ಕಾಲದಲ್ಲಿ ಜೋಳ ಬೆಳೆಯುತ್ತಿದ್ದರಂತೆ, ಈಗ ಎಲ್ಲಿ ನೋಡಿದರೂ ಭತ್ತ. ತಾಟಿನಲ್ಲೂ ಹಾಗೇ: ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ, ಮಧ್ಯಾಹ್ನ ಸೋನಾ ಮಸೂರಿ ಅನ್ನ, ರಾತ್ರಿ ಮತ್ತೆ ಅನ್ನ. ಬಸುರಿಯಾದಾಗ "ಇಬ್ಬರ ಊಟ ಉಣ್ಣು" ಎಂದು ಅನ್ನವನ್ನೇ ಎರಡು ಪಟ್ಟು ಬಡಿಸಿದರು. ಆರನೇ ತಿಂಗಳಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ತಾಸು ಬಿಟ್ಟು ರಕ್ತ ತೆಗೆದರು. 140 ದಾಟಿದರೆ ಬಸುರಿನ ಸಕ್ಕರೆ ಕಾಯಿಲೆ ಅಂತೆ. ನನ್ನದು ದಾಟಿತ್ತು.

ಆಸ್ಪತ್ರೆಯ ಆಹಾರ ತಜ್ಞೆ ಹೇಳಿದ್ದು ಕೇಳಿ ನಮ್ಮ ಮನೆಯವರೆಲ್ಲ ಬಾಯಿ ಮುಚ್ಚಿದರು. ನಾಲ್ಕನೇ ತಿಂಗಳಿಂದ ಬಸುರಿಗೆ ದಿನಕ್ಕೆ ಜಾಸ್ತಿ ಬೇಕಾದದ್ದು ಸುಮಾರು 350 ಕ್ಯಾಲೊರಿ ಅಷ್ಟೇ. ಶೇಂಗಾ ಹಿಂಡಿ ಹಚ್ಚಿದ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಕಾಳು ಪಲ್ಯ, ಒಂದು ಲೋಟ ಮಜ್ಜಿಗೆ, ಅಲ್ಲಿಗೆ ಮುಗಿಯಿತು. ಎರಡನೇ ಆಳಿನ ಊಟ ಎಲ್ಲಿಂದ ಬಂತು?

ಆಮೇಲೆ ತಾಟು ಹೀಗೆ ಬದಲಾಯಿತು. ಮೊದಲು ಹಸಿ ಸೌತೆಕಾಯಿ, ಮೂಲಂಗಿ, ಹಕ್ಕರಕಿ ಸೊಪ್ಪು. ಆಮೇಲೆ ಎರಡು ಜೋಳದ ರೊಟ್ಟಿ, ಮಡಿಕೆಕಾಳು ಇಲ್ಲವೇ ಹೆಸರುಕಾಳು ಪಲ್ಯ, ಅಗಸಿ ಹಿಂಡಿ, ಗಟ್ಟಿ ಮೊಸರು. ಅನ್ನ ಕೊನೆಗೆ ಒಂದು ಸೌಟು. ಪುಂಡಿಪಲ್ಯ ಉಷ್ಣ, ಬೇಡ ಎಂದು ಅತ್ತೆ ತಡೆದಿದ್ದರು. ಆಹಾರ ತಜ್ಞೆಯನ್ನು ಕೇಳಿದರೆ ಅದನ್ನು ಹದವಾಗಿ ತಿನ್ನಲು ಅಡ್ಡಿ ಇಲ್ಲ ಎಂದರು. ಮಿರ್ಚಿ ಬಿಟ್ಟಿದ್ದೇ ಕಷ್ಟ ಆಗಿದ್ದು, ಬೇರೆ ಏನೂ ಅಲ್ಲ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಮನೆಯೊಳಗೇ ನಡೆಯುತ್ತಿದ್ದೆ. ನಡೆದ ದಿನದ ಸಕ್ಕರೆಯೂ ನಡೆಯದ ದಿನದ ಸಕ್ಕರೆಯೂ ಬೇರೆ ಬೇರೆ ಬರುತ್ತಿತ್ತು, ಮಷಿನ್‌ನಲ್ಲೇ ಕಾಣುತ್ತಿತ್ತು. ಇನ್ಸುಲಿನ್ ಇಲ್ಲದೇ ಮುಗಿಯಿತು. ಎಲ್ಲರಿಗೂ ಹಾಗೇ ಆಗಬೇಕೆಂದಿಲ್ಲ, ಇನ್ಸುಲಿನ್ ಬೇಕಾದವರು ಹೆದರದೆ ತಗೊಳ್ಳಿ.

ಗಂಗಾವತಿ ಗಂಡ:

ಹೆಂಗಸರ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹೆಂಡತಿಗೆ ಏಳು ತಿಂಗಳು. ಸ್ಲೇಟಿಗೆ ಬರೆಯುವ ಬಳಪ ಮುಚ್ಚಿಟ್ಟುಕೊಂಡು ತಿನ್ನುತ್ತಾಳೆ. ಮಳೆ ಹನಿದರೆ ಮಣ್ಣಿನ ವಾಸನೆಗೆ ಅಂಗಳಕ್ಕೆ ಓಡುತ್ತಾಳೆ. ಬಸುರಿ ಬಯಕೆ, ತಡೆಯಬೇಡ ಎನ್ನುತ್ತಾರೆ ಮನೆಯಲ್ಲಿ. ಪಪ್ಪಾಯಿ ಮಾತ್ರ ಮನೆಯೊಳಗೇ ಬಿಡುವುದಿಲ್ಲ. ನಾನು ಏನು ಮಾಡಲಿ?

ಮಾನ್ವಿ ನರ್ಸಕ್ಕ:

ಕ್ಷಮೆ ಯಾಕೆ ತಮ್ಮಾ, ಕೇಳಿದ್ದು ಒಳ್ಳೆಯದೇ ಆಯಿತು. ಬಳಪ, ಮಣ್ಣು, ಇದ್ದಿಲು, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವವರಲ್ಲಿ ಬಹಳ ಜನಕ್ಕೆ ಕಬ್ಬಿಣದ ಕೊರತೆ ಇರುತ್ತೆ. ಮಣ್ಣಿನಿಂದ ಹೊಟ್ಟೆಹುಳ ಬರುತ್ತೆ, ಹುಳದಿಂದ ರಕ್ತ ಇನ್ನೂ ಇಳಿಯುತ್ತೆ. ಬೈಯಬೇಡಿ, ಬೈದರೆ ಮುಚ್ಚಿಟ್ಟು ತಿನ್ನುತ್ತಾಳೆ. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ, ಬಳಪ ತಿನ್ನುತ್ತಾಳೆ ಎಂದು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಮೂರು ತಿಂಗಳು ದಾಟಿದ ಮೇಲೆ ಹುಳದ ಗುಳಿಗೆ ಒಂದು ಸಲ ಕೊಡುತ್ತಾರೆ, ಅದು ಆಗಿದೆಯಾ ನೋಡಿ. ರಕ್ತ ಏರಿದ ಹಾಗೆ ಈ ಬಯಕೆ ಸಾಮಾನ್ಯವಾಗಿ ತಾನೇ ಕಡಿಮೆಯಾಗುತ್ತೆ.

ಪಪ್ಪಾಯಿ ಕಾಯಿ, ಅರೆಹಣ್ಣು ಬೇಡ, ಅದರ ಹಾಲು ಒಳ್ಳೆಯದಲ್ಲ. ಪೂರ್ತಿ ಹಣ್ಣಾದದ್ದು ತಿಂದರೆ ಏನೂ ಆಗುವುದಿಲ್ಲ. ಹಣ್ಣಿಗೆ ಹೆದರುವ ಮನೆಯಲ್ಲೇ ಬಳಪಕ್ಕೆ ರಿಯಾಯಿತಿ ಇರುವುದು ನನಗೆ ಯಾವತ್ತೂ ಅರ್ಥವಾಗದ ವಿಷಯ. ಮತ್ತೆ ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಿದ್ದರೆ ಹೊರಗೆ ಕಳಿಸಿ. ತಂಬಾಕು, ಮಶೇರಿ ಯಾವುದೂ ಅವಳ ಬಾಯಿಗೂ ಬೇಡ.

ಬೋರ್‌ವೆಲ್ ನೀರು ಕುಡಿಯುತ್ತಿದ್ದೀರಾ? ನಮ್ಮ ಕೊಪ್ಪಳ, ರಾಯಚೂರು ಜಿಲ್ಲೆಯ ಎಷ್ಟೋ ಊರಿನಲ್ಲಿ ನೆಲದ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕೊಡ ನೀವೇ ಹೊತ್ತು ತನ್ನಿ. ಏನು ಮಾಡಲಿ ಅಂದಿರಲ್ಲ, ಇದು ಮೊದಲನೆಯದು.

ಲಿಂಗಸುಗೂರು ಅಕ್ಕ:

ಎರಡನೆಯದು, ರೊಟ್ಟಿ ಬಡಿಯುವುದು ಕಲಿ.

ಗಂಗಾವತಿ ಗಂಡ:

ಅಕ್ಕಾ, ಬಡಿಯುತ್ತೇನೆ, ದುಂಡಗೆ ಬರುವುದಿಲ್ಲ ಅಷ್ಟೇ.

ಮಸ್ಕಿ ಅಂಗನವಾಡಿ ಟೀಚರ್:

ಇಷ್ಟೆಲ್ಲ ಚರ್ಚೆಯಲ್ಲಿ ಮಾತೃಪೂರ್ಣದ ಹೆಸರು ಯಾರೂ ಎತ್ತಲಿಲ್ಲವಲ್ಲ! 2017ರ ಅಕ್ಟೋಬರ್ 2ರಿಂದ ಇಡೀ ರಾಜ್ಯದಲ್ಲಿ ಇದೆ. ಬಸುರಿಯರಿಗೆ, ಬಾಣಂತಿಯರಿಗೆ ತಿಂಗಳಲ್ಲಿ 25 ದಿನ ಮಧ್ಯಾಹ್ನದ ಬಿಸಿಯೂಟ. ಅನ್ನ, ತರಕಾರಿ ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು.

ಇದನ್ನು ಅಂಗನವಾಡಿ ಕೇಂದ್ರಕ್ಕೇ ಬಂದು ಉಣ್ಣಿ ಅಂತ ಯೋಜನೆ ಮಾಡಿದ್ದಕ್ಕೆ ಕಾರಣ ಇದೆ. ಮನೆಗೆ ಕಟ್ಟಿ ಕೊಟ್ಟರೆ ಮೊಟ್ಟೆ ಮಾವನಿಗೆ, ಚಿಕ್ಕಿ ದೊಡ್ಡ ಮಗನಿಗೆ, ಬಸುರಿಗೆ ತಳದ ಸಾರು. ಎಷ್ಟೋ ಮನೆಯಲ್ಲಿ ಸೊಸೆ ಉಣ್ಣುವುದು ಎಲ್ಲರದೂ ಆದ ಮೇಲೆ. ನೀವು ಇಲ್ಲಿ ಹೇಳುತ್ತಿರುವ ಕಾಳುಪಲ್ಯ ಅಷ್ಟೊತ್ತಿಗೆ ಪಾತ್ರೆಯಲ್ಲಿ ಉಳಿದಿರುವುದಿಲ್ಲ. ನನ್ನ ಪ್ರಕಾರ ನಮ್ಮ ಕಡೆ ರಕ್ತ ಕಡಿಮೆಯಾಗಲು ಗುಳಿಗೆ, ಚಹಾ ಎಷ್ಟು ಕಾರಣವೋ ಈ ಕೊನೆಯ ಪಂಕ್ತಿಯೂ ಅಷ್ಟೇ ಕಾರಣ.

ಆದರೆ ಕಷ್ಟವೂ ಇದೆ, ಮುಚ್ಚಿಡುವುದೇನು. ತಾಂಡಾದಿಂದ, ತೋಟದ ಮನೆಯಿಂದ ಮಧ್ಯಾಹ್ನದ ಬಿಸಿಲಲ್ಲಿ ಹೊಟ್ಟೆ ಹೊತ್ತು ನಡೆದು ಬಾ ಅಂದರೆ ಯಾರು ಬರುತ್ತಾರೆ? ಏಪ್ರಿಲ್, ಮೇ ತಿಂಗಳಲ್ಲಿ ನಾನೇ ಒತ್ತಾಯ ಮಾಡುವುದಿಲ್ಲ. ಕೂಲಿಗೆ ಹೋದವರಿಗೆ ಆ ಹೊತ್ತಿಗೆ ಬರಲು ಆಗುವುದಿಲ್ಲ. ಬಂದವರು ಮಾತ್ರ ಒಬ್ಬರಿಗೊಬ್ಬರು ಸುಖದುಃಖ ಹೇಳಿಕೊಂಡು ಹೊಟ್ಟೆ ತುಂಬ ಉಣ್ಣುತ್ತಾರೆ, ಗುಳಿಗೆ ನುಂಗಿದೆಯಾ ಎಂದು ತಾವೇ ಕೇಳಿಕೊಳ್ಳುತ್ತಾರೆ.

ಇನ್ನೆರಡು ಮಾತು. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ, ತಜ್ಞ ಡಾಕ್ಟರು ನೋಡುತ್ತಾರೆ. ಚೊಚ್ಚಲ ಮಗುವಿಗೆ ಕೇಂದ್ರ ಸರಕಾರದ ಮಾತೃವಂದನಾ ಯೋಜನೆಯಿಂದ 5000 ರೂಪಾಯಿ ಕಂತಿನಲ್ಲಿ ಬರುತ್ತೆ. ಅರ್ಹರು ಅಂಗನವಾಡಿಯಲ್ಲಿ ಹೆಸರು ಬರೆಸಿ. ಆ ದುಡ್ಡು ತಾಯಿಯ ಹೊಟ್ಟೆಗೆ ಅಂತ ಕೊಡುವುದು, ಕುಬಸದ ಸೀರೆಗಲ್ಲ.

ಚೊಚ್ಚಲ ತಾಯಿ, ರಾಯಚೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಪೂರ್ತಿ ಓದಿ ಹೇಳಿದೆ. ಸಜ್ಜೆ ರೊಟ್ಟಿಗೆ ಒಪ್ಪಿದ್ದಾರೆ. ಬೆಳಿಗ್ಗೆ ಮಾಳಿಗೆಗೆ ಒಬ್ಬಳನ್ನೇ ಕಳಿಸುವುದಿಲ್ಲ, ತಾವೂ ಬರುತ್ತಾರಂತೆ. ಅವರಿಗೂ ಸಕ್ಕರೆ ಇದೆ, ಒಳ್ಳೆಯದೇ ಆಯಿತು. ಹಾಲಿನ ಲೋಟದ ಬಗ್ಗೆ ಮಾತ್ರ ಇನ್ನೂ ವಾದ ನಡೆಯುತ್ತಿದೆ.

ಕೊನೆಯದೊಂದು. ಏಳನೇ ತಿಂಗಳಲ್ಲಿ ಕುಬಸ ಮಾಡಿ ತವರಿಗೆ ಕಳಿಸುತ್ತಾರೆ. ದೇವದುರ್ಗ ಕಡೆಯ ಹಳ್ಳಿ, ಬಸ್ಸಿನಲ್ಲೇ ಹೋಗಬೇಕು. ಅಷ್ಟೊತ್ತಿಗೆ ಜೂನ್ ಬಂದಿರುತ್ತೆ. ಹೋಗಬಹುದಾ?

ಮಾನ್ವಿ ನರ್ಸಕ್ಕ:

ಅಲ್ಲಿಯವರೆಗೆ ಬಿಪಿ, ಸ್ಕ್ಯಾನಿಂಗ್ ಎಲ್ಲ ಸರಿ ಇದ್ದರೆ ಹೋಗಬಹುದು. ಡಾಕ್ಟರಿಗೆ ಒಂದು ಮಾತು ಕೇಳಿ ಹೊರಡಿ. ಬೆಳಗಿನ ಮೊದಲ ಬಸ್ಸು ಹಿಡಿಯಿರಿ, ನಡುವಿನ ಸೀಟಿನಲ್ಲಿ ಕೂರಿ. ಹಿಂದಿನ ಸೀಟಿನ ಎತ್ತಾಟ ಬೇಡ. ಕಾಲು ಕೆಳಗೆ ಬಿಟ್ಟೇ ಕೂತರೆ ಊದುತ್ತವೆ, ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ನೀರು, ಒಂದು ಓಆರ್‌ಎಸ್ ಪೊಟ್ಟಣ ಜೊತೆಗಿರಲಿ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತೆ ಎಂದು ನೀರು ಬಿಡಬೇಡಿ. ನಮ್ಮ ಹೆಣ್ಣುಮಕ್ಕಳು ಎಲ್ಲರೂ ಇದನ್ನೇ ಮಾಡುವುದು. ಆಮೇಲೆ ಉರಿಮೂತ್ರ, ಸೋಂಕು ಎಂದು ನಮ್ಮ ಹತ್ತಿರ ಬರುತ್ತಾರೆ. ಮೂತ್ರ ಗಾಢ ಹಳದಿ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ ಎಂದು ತಿಳಿಯಿರಿ.

ತವರಿಗೆ ಹೋದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತಾಯಿ ಕಾರ್ಡ್ ತೋರಿಸಿ. ಊರು ಬದಲಾದ ಕೂಡಲೇ ಗುಳಿಗೆ, ತಪಾಸಣೆ ಎರಡೂ ತಪ್ಪಿಹೋಗುವವರು ಬಹಳ ಜನ. ಮುಖ, ಕೈ ಊದಿಕೊಂಡರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ರಕ್ತ ಇಲ್ಲವೇ ನೀರು ಹೋದರೆ, ಮಗು ಆಡುವುದು ಕಡಿಮೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕಾರ್ಡ್ ಸೀರೆ ಪೆಟ್ಟಿಗೆಯ ತಳದಲ್ಲಿ ಇಡಬೇಡಿ, ಕೈಚೀಲದಲ್ಲೇ ಇರಲಿ. ಮತ್ತೆ ಮುಂದಿನ ತಿಂಗಳ ಹಿಮೋಗ್ಲೋಬಿನ್ ಎಷ್ಟು ಬಂತು ಎಂದು ಇಲ್ಲೇ ಬರೆಯಿರಿ. ಏರಿಲ್ಲ ಅಂದರೆ ಇಂಜೆಕ್ಷನ್ ಬಗ್ಗೆ ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಹೇಳುತ್ತೇನೆ.